ಪುಟ್ಟನ ‘ಒಳ ಎದೆ’ಯ ಪ್ರಶ್ನೆಗೆ ಚಿಕ್ಕಮ್ಮನ ಉತ್ತರ

ಪುಟ್ಟ, ಬೆಳಿಗ್ಗೆ ನೀನು ಹಾಕಿದ ಪ್ರಶ್ನೆಯನ್ನು ಈಗ ನೋಡಿದೆ. ಟೈಪ್ ಮಾಡುತ್ತಾ ಕುಳಿತರೆ ರಾತ್ರಿಯಾಗುತ್ತದೆ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಒಲೆಯ ಮೇಲೆ ಕುಕ್ಕರ್ ಇದೆ, ನಡುವೆ ಕೂಗಿದರೆ ಬೆಚ್ಚಬೇಡ. ಗುಂಪಿನಲ್ಲಿ ಉಳಿದವರಿಗೂ ತಿಳಿಯಲಿ ಎಂದು ನಿನ್ನ ಪ್ರಶ್ನೆಯನ್ನು ಮತ್ತೊಮ್ಮೆ ಹೇಳುತ್ತೇನೆ. ನಿನ್ನ ಜಿಮ್‌ನ ತರಬೇತುದಾರ ಎದೆಯನ್ನು ಮೇಲೆ, ಕೆಳಗೆ, ಒಳಗೆ, ಹೊರಗೆ ಎಂದು ನಾಲ್ಕು ಪಾಲು ಮಾಡಿ ಒಂದೊಂದಕ್ಕೂ ಬೇರೆ ಬೇರೆ ವ್ಯಾಯಾಮ ಬರೆದುಕೊಟ್ಟಿದ್ದಾನೆ. ‘ಒಳ ಎದೆ’ ತುಂಬಿಲ್ಲ, ನಡುವೆ ಸಂದು ಕಾಣುತ್ತಿದೆ, ಅದಕ್ಕೆ ವಿಶೇಷ ತರಗತಿ, ವಿಶೇಷ ಶುಲ್ಕ. ಇದು ನಿಜವೇ ಎಂದು ಕೇಳಿದ್ದೀಯೆ. ಅದರ ಕೆಳಗೆ ಭಾವನವರು, “ನಾವು ಗರಡಿಯಲ್ಲಿ ದಂಡ ಹೊಡೆದೇ ಎದೆ ಬೆಳೆಸಿದೆವು, ಬೆಂಚು ಗಿಂಚು ಯಾರು ಕಂಡಿದ್ದರು” ಎಂದು ಬರೆದಿದ್ದಾರೆ. ಭಾವ, ನಿಮ್ಮ ದಂಡಕ್ಕೂ ಬರುತ್ತೇನೆ, ಸ್ವಲ್ಪ ತಾಳಿ.

ಪುಟ್ಟ, ನಿನ್ನ ತರಬೇತುದಾರ ಹೇಳಿದ್ದರಲ್ಲಿ ಅರ್ಧ ಸರಿ. ಮೇಲೆ, ಕೆಳಗೆ ಎನ್ನುವ ವ್ಯತ್ಯಾಸ ಇದೆ. ಒಳಗೆ, ಹೊರಗೆ ಎನ್ನುವುದು ಇಲ್ಲ. ಅವನು ದುಡ್ಡು ಕೇಳುತ್ತಿರುವುದು ಇಲ್ಲದ ಅರ್ಧಕ್ಕೆ.

ಯಾಕೆ ಎಂದರೆ, ಎದೆಯ ದೊಡ್ಡ ಸ್ನಾಯು, ಪೆಕ್ಟೊರಾಲಿಸ್ ಮೇಜರ್ ಎನ್ನುತ್ತೇವಲ್ಲ, ಅದು ಬಿಡಿಸಿದ ಬೀಸಣಿಗೆಯ ಹಾಗಿದೆ. ಅಗಲವಾದ ಅಂಚು ಮೈಗೆ ಅಂಟಿಕೊಂಡಿದೆ. ಮೇಲಿನ ಎಳೆಗಳು ಕಾಲರ್ ಮೂಳೆಯ ಒಳ ಅರ್ಧದಿಂದ ಹೊರಡುತ್ತವೆ. ನಡುವಿನ ದೊಡ್ಡ ಪಾಲು ಎದೆಮೂಳೆಯಿಂದ ಮತ್ತು ಮೇಲಿನ ಆರು ಪಕ್ಕೆಲುಬುಗಳ ಮೃದ್ವಸ್ಥಿಯಿಂದ. ಕೆಳಗಿನ ಸ್ವಲ್ಪ ಎಳೆಗಳು ಹೊಟ್ಟೆಯ ಸ್ನಾಯುವನ್ನು ಮುಚ್ಚಿದ ಪೊರೆಯಿಂದ. ಬೀಸಣಿಗೆಯ ಹಿಡಿ ಮಾತ್ರ ಒಂದೇ ಜಾಗದಲ್ಲಿದೆ: ಭುಜಕ್ಕೆ ಸ್ವಲ್ಪ ಕೆಳಗೆ, ತೋಳಿನ ಮೂಳೆಯ ಮೇಲೆ. ಊರಿನ ತೇರನ್ನು ನೆನಪು ಮಾಡಿಕೋ. ನಿನ್ನ ತೋಳೇ ತೇರು ಎಂದುಕೋ. ಹಗ್ಗಗಳೆಲ್ಲ ತೇರಿನ ಒಂದೇ ಕಡೆ ಕಟ್ಟಿವೆ, ಎಳೆಯುವವರು ಮಾತ್ರ ಬೇರೆ ಬೇರೆ ಕಡೆ ನಿಂತಿದ್ದಾರೆ. ತೇರು ಮೇಲಿನ ಬೀದಿಗೆ ತಿರುಗಬೇಕಾದರೆ ಆ ಕಡೆ ನಿಂತವರಿಗೆ ಹೆಚ್ಚು ಕೆಲಸ, ಕೆಳಗಿನ ಬೀದಿಗಾದರೆ ಈ ಕಡೆಯವರಿಗೆ. ಉಳಿದವರು ಹಗ್ಗ ಬಿಟ್ಟು ಕುಳಿತಿರುವುದಿಲ್ಲ, ಅವರೂ ಎಳೆಯುತ್ತಲೇ ಇರುತ್ತಾರೆ, ಭಾರ ಮಾತ್ರ ಹೆಚ್ಚು ಕಡಿಮೆ.

ನನ್ನ ಮಾತನ್ನು ಸುಮ್ಮನೆ ನಂಬಬೇಡ, ಈಗಲೇ ಪರೀಕ್ಷೆ ಮಾಡು. ಮೇಜಿನ ಮುಂದೆ ಕುಳಿತುಕೋ. ಎಡಗೈ ಬೆರಳುಗಳನ್ನು ಬಲಗಡೆಯ ಕಾಲರ್ ಮೂಳೆಯ ಕೆಳಗೆ ಇಡು. ಬಲಗೈಯನ್ನು ಮೇಜಿನ ಅಡಿಗೆ ಕೊಟ್ಟು, ಮೊಣಕೈ ಬಗ್ಗಿಸಿ ಎತ್ತದೆ, ಇಡೀ ತೋಳಿನಿಂದ ಮೇಜನ್ನು ಮೇಲಕ್ಕೆ ಒತ್ತು. ಬೆರಳಿನ ಕೆಳಗೆ ಸ್ನಾಯು ಗಟ್ಟಿಯಾಗುತ್ತದೆ. ಈಗ ಬಲಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತು. ಮೇಲ್ಭಾಗ ಸಡಿಲವಾಗಿ, ಕಂಕುಳ ಮುಂದಿನ ಕೆಳಭಾಗ ಬಿಗಿಯುತ್ತದೆ. ಚಿಕಿತ್ಸೆಗೆ ಬಂದವರಲ್ಲಿ ನಾನು ದಿನಾ ಹೀಗೆಯೇ ಮುಟ್ಟಿ ನೋಡುವುದು. ಎರಡಕ್ಕೂ ನರಗಳ ಸರಬರಾಜು ಕೂಡ ಪೂರ್ತಿ ಒಂದೇ ಅಲ್ಲ. ಇನ್ನೊಂದು ಪುರಾವೆ ಬೇಕಾದರೆ, ಪೋಲಂಡ್ ಸಿಂಡ್ರೋಮ್ ಎಂಬ ಹುಟ್ಟು ನ್ಯೂನತೆ ಇದೆ. ಅದರಲ್ಲಿ ಸಾಮಾನ್ಯವಾಗಿ ಒಂದು ಕಡೆ ಎದೆಮೂಳೆಯಿಂದ ಹೊರಡುವ ಪಾಲೇ ಇರುವುದಿಲ್ಲ, ಕಾಲರ್ ಮೂಳೆಯ ಪಾಲು ಮಾತ್ರ ಇರಬಹುದು. ಎರಡೂ ಬೇರೆಬೇರೆಯಾಗಿ ಇರಬಲ್ಲವು ಎಂದಾಯಿತಲ್ಲ.

ಆದ್ದರಿಂದ ಇನ್‌ಕ್ಲೈನ್ ಬೆಂಚ್ ಮೋಸವಲ್ಲ. ತಲೆಯ ಕಡೆ ಎತ್ತರಿಸಿದ ಬೆಂಚಿನಲ್ಲಿ ಭಾರ ಒತ್ತಿದರೆ ಮೇಲಿನ ಎಳೆಗಳಿಗೆ ಹೆಚ್ಚು ಪಾಲು ಬೀಳುತ್ತದೆ. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆದು ನೋಡಿದಾಗಲೂ ಇದು ಕಂಡಿದೆ, ಸುಮಾರು 30 ಡಿಗ್ರಿ ಓರೆ ಇದ್ದರೆ ಒಳ್ಳೆಯದು. ಅದಕ್ಕಿಂತ ತುಂಬ ಎತ್ತರಿಸಿದರೆ, 45 ದಾಟಿದ ಮೇಲಂತೂ, ಕೆಲಸವನ್ನು ಭುಜದ ಮುಂಭಾಗ ಕಿತ್ತುಕೊಳ್ಳುತ್ತದೆ. ಎಷ್ಟೋ ಕಡೆ ಬೆಂಚನ್ನು ಕುರ್ಚಿಯ ಬೆನ್ನಿನ ಹಾಗೆ ನೆಟ್ಟಗೆ ನಿಲ್ಲಿಸಿ ‘ಮೇಲಿನ ಎದೆ’ ಮಾಡುತ್ತಿರುತ್ತಾರೆ. ಬೆಳೆಯುತ್ತಿರುವುದು ಭುಜ. ಇನ್ನು ಕೆಳಭಾಗಕ್ಕೆ ಡಿಕ್ಲೈನ್, ಅಂದರೆ ತಲೆಯ ಕಡೆ ತಗ್ಗಿಸಿದ ಬೆಂಚು, ಮತ್ತು ಡಿಪ್ಸ್, ಅಂದರೆ ಎರಡು ಸರಳುಗಳ ನಡುವೆ ಕೈಯೂರಿ ಮೈ ಇಳಿಸಿ ಎತ್ತುವುದು, ಸರಿಯೇ, ಆದರೆ ಮಟ್ಟವಾದ ಬೆಂಚಿನ ಮೇಲೆ ಮಲಗಿ ಭಾರ ಒತ್ತುವ ಸಾಧಾರಣ ಬೆಂಚ್ ಪ್ರೆಸ್‌ನಲ್ಲೇ ಎದೆಮೂಳೆಯ ಎಳೆಗಳಿಗೆ ಸಾಕಷ್ಟು ಕೆಲಸ ಸಿಗುತ್ತದೆ. ನಿನ್ನ ಹಂತದಲ್ಲಿ ಅದಕ್ಕೆ ಬೇರೆ ದಿನ ಮೀಸಲಿಡಬೇಕಿಲ್ಲ.

ಕುಕ್ಕರ್ ಕೂಗಿತು. ಇನ್ನೂ ಎರಡು ಕೂಗು ಬಾಕಿ.

ಈಗ ಆ ಒಳ ಎದೆ. ಒಂದು ಎಳೆ ಎದೆಮೂಳೆಯಿಂದ ಹೊರಟು ತೋಳಿನ ಕಡೆಗೆ ಸಾಗುತ್ತದೆ. ಕುಗ್ಗಿದರೆ ಇಡೀ ಎಳೆ ಕುಗ್ಗುತ್ತದೆ. ತೇರಿನ ಹಗ್ಗವನ್ನು ಎಳೆದಾಗ ಗುಡಿಯ ಕಡೆಯ ಅರ್ಧ ಮಾತ್ರ ಬಿಗಿಯಾಗಿ, ಈ ಕಡೆಯ ಅರ್ಧ ಜೋಲು ಬಿದ್ದಿರುವುದನ್ನು ಯಾರಾದರೂ ನೋಡಿದ್ದಾರೆಯೇ? ಎರಡೂ ಕಡೆಯ ರಾಟೆಯ ತಂತಿಗಳನ್ನು ಎದೆಯ ಮುಂದಕ್ಕೆ ಎಳೆಯುವ ಕೇಬಲ್ ಕ್ರಾಸ್‌ಓವರ್ ಮಾಡುವಾಗ ಕೈಗಳು ಎದೆಯ ನಡುವೆ ದಾಟಿದರೆ ಅಲ್ಲಿ ಹಿಂಡಿದ ಹಾಗೆ ಅನ್ನಿಸುತ್ತದೆ, ಒಪ್ಪುತ್ತೇನೆ. ಸ್ನಾಯು ಪೂರ್ತಿ ಮೋಟಾಗಿ ನಡುವೆ ಗುಡ್ಡೆಯಾಗುವುದರಿಂದ ಹಾಗೆ. ಹಿಂಡಿದಂತೆ ಅನ್ನಿಸಿದ ಜಾಗ ಮಾತ್ರ ಬೆಳೆಯುತ್ತದೆ ಎಂದು ಅರ್ಥವಲ್ಲ. ವ್ಯಾಯಾಮ ಒಳ್ಳೆಯದೇ, ಮಾಡು, ಇಡೀ ಎದೆಗಾಗಿ ಮಾಡು. ನೀನು ಎಲ್ಲವನ್ನೂ ಅಂತರ್ಜಾಲದಲ್ಲಿ ಕೆದಕುವವನು, ತೊಡೆಯ ಸ್ನಾಯುಗಳಲ್ಲಿ ಉದ್ದಕ್ಕೂ ಒಂದೇ ಸಮನೆ ಬೆಳವಣಿಗೆ ಆಗುವುದಿಲ್ಲವಂತೆ ಎಂದು ತಂದು ತೋರಿಸಬಹುದು. ಹೌದು, ಅಲ್ಲಿ ಅಂಥದ್ದು ಕಂಡಿದೆ. ಅದರಿಂದ ಎದೆಯ ನಡುವಿನ ನಾಲ್ಕು ಬೆರಳಷ್ಟು ಜಾಗವನ್ನು ಆರಿಸಿ ಉಬ್ಬಿಸಬಹುದು ಎಂದು ಹೊರಡುವುದಿಲ್ಲ.

ಆ ಸಂದಿನ ವಿಷಯ. ಎರಡೂ ಕಡೆಯ ಸ್ನಾಯುಗಳು ಎದೆಮೂಳೆಯ ಮೇಲೆ ಎಷ್ಟು ಹತ್ತಿರ ಅಂಟಿಕೊಂಡಿವೆ ಎನ್ನುವುದು ಹುಟ್ಟಿನಿಂದಲೇ ಬಂದದ್ದು. ಸ್ನಾಯು ದಪ್ಪವಾದರೆ ಸಂದು ಕಡಿಮೆ ಕಾಣಬಹುದು, ಆದರೆ ಅಂಟಿದ ಜಾಗ ಸರಿಯುವುದಿಲ್ಲ. ನಿನ್ನ ತಾತನ ಎದೆಯಲ್ಲೂ ಅದೇ ಸಂದು ಇತ್ತು, ಹಳೆಯ ಫೋಟೋದಲ್ಲಿ ನೋಡು. ಅವರು ಅದಕ್ಕೆ ಯಾರಿಗೂ ಶುಲ್ಕ ಕಟ್ಟಲಿಲ್ಲ. ಹೊರ ಎದೆಗೆಂದು ಭಾರದ ಸರಳನ್ನು ಅತಿ ಅಗಲ ಹಿಡಿಯುವುದೂ ಇದೇ ಜಾತಿಯದು, ಅದರಲ್ಲಿ ಭುಜದ ಕೀಲಿಗೆ ಹೊರೆ ಬೇರೆ. ಬೆಂಚ್ ಪ್ರೆಸ್‌ನಲ್ಲಿ ಎದೆಯ ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು ಹರಿದುಕೊಂಡವರು ನನ್ನ ಬಳಿ ಇಬ್ಬರು ಬಂದಿದ್ದರು. ಇಬ್ಬರಿಗೂ ಹರಿದದ್ದು ಭಾರವನ್ನು ಕೆಳಗೆ ಇಳಿಸುವಾಗ. ಒಬ್ಬನಂತೂ ಗೆಳೆಯರ ಮುಂದೆ ಒಂದೇ ದಿನದಲ್ಲಿ ಇಪ್ಪತ್ತು ಕಿಲೋ ಏರಿಸಿದ್ದ. ಏನು ಹೇಳಲಿ.

ಕೆಳಗಿನ ಎದೆ ‘ಕರಗಿಸುವ’ ಮಾತೂ ಆ ಪಟ್ಟಿಯಲ್ಲಿದೆಯಲ್ಲ, ಅದನ್ನು ಹೊಡೆದು ಹಾಕು. ಕೊಬ್ಬು ಮೇಲಿನ ಪದರ, ಸ್ನಾಯು ಅದರ ಅಡಿಯಲ್ಲಿರುವುದು. ಡಿಕ್ಲೈನ್ ಬೆಂಚಿನಲ್ಲಿ ಎಷ್ಟು ಒತ್ತಿದರೂ ಆ ಜಾಗದ ಕೊಬ್ಬೇ ಮೊದಲು ಕರಗುವುದಿಲ್ಲ, ಮೈಯ ಕೊಬ್ಬು ಒಟ್ಟಾರೆ ಇಳಿದಾಗ ಅಲ್ಲಿಯೂ ಇಳಿಯುತ್ತದೆ. ಒಂದು ಮಾತು ಮಾತ್ರ ಗಂಭೀರವಾಗಿ ಕೇಳು, ನಾಚಿಕೊಳ್ಳಬೇಡ. ಹದಿಹರೆಯದಲ್ಲಿ ಹುಡುಗರಿಗೂ ಮೊಲೆತೊಟ್ಟಿನ ಹಿಂದೆ ಗ್ರಂಥಿ ಸ್ವಲ್ಪ ಊದಿಕೊಳ್ಳುವುದು ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ನಿನ್ನ ವಯಸ್ಸಿನಲ್ಲಿ ತೊಟ್ಟಿನ ಹಿಂದೆ ಗಟ್ಟಿ ಗೆಡ್ಡೆಯ ಹಾಗೆ ಕೈಗೆ ಸಿಕ್ಕಿದರೆ, ನೋವಿದ್ದರೆ, ಜಿಮ್‌ನಲ್ಲಿ ಅಲ್ಲ, ವೈದ್ಯರಿಗೆ ತೋರಿಸಬೇಕು. ಯಾರಾದರೂ ಚುಚ್ಚುಮದ್ದು, ಮಾತ್ರೆ ಎಂದರೆ ಅಲ್ಲಿಂದ ಎದ್ದು ಬಾ. ಎದೆ ಬೆಳೆಸಲು ಸ್ಟೀರಾಯ್ಡ್ ತೆಗೆದುಕೊಂಡು ಅದೇ ಗ್ರಂಥಿಯನ್ನು ಬೆಳೆಸಿಕೊಂಡವರು ಇದ್ದಾರೆ.

ಭಾವ, ಈಗ ನಿಮ್ಮ ದಂಡ. ಮೈಸೂರಿನ ಗರಡಿಯಲ್ಲಿ ಮಟ್ಟಿಯ ಮಣ್ಣು ಹಚ್ಚಿಕೊಂಡು ನೀವು ಹೊಡೆದ ದಂಡ ಸುಳ್ಳಲ್ಲ. ದಂಡದಲ್ಲಿ ಮೈ ಕೆಳಗಿಳಿದು, ಮುಂದಕ್ಕೆ ಜಾರಿ, ಎದ್ದು ಬರುತ್ತದೆ. ತೋಳು ಮೈಯೊಡನೆ ಮಾಡುವ ಕೋನ ಒಂದೇ ದಂಡದೊಳಗೆ ಬದಲಾಗುತ್ತಾ ಹೋಗುತ್ತದೆ, ಹಾಗಾಗಿ ಬೀಸಣಿಗೆಯ ಬೇರೆ ಬೇರೆ ಎಳೆಗಳಿಗೆ ಸರದಿ ಸಿಗುತ್ತದೆ. ಹಿಂದಿನವರು ಇದನ್ನು ಡಿಗ್ರಿಯಲ್ಲಿ ಅಳೆಯಲಿಲ್ಲ, ಅಷ್ಟೇ. ಆದರೆ ದಂಡದ ಭಾರ ನಿಮ್ಮ ಮೈತೂಕವೇ. ನೂರು ದಂಡ ಸಲೀಸಾದ ಮೇಲೆ ಇನ್ನೂರು ಹೊಡೆದರೆ ದಮ್ಮು ಹೆಚ್ಚುತ್ತದೆ, ಸ್ನಾಯುವಿನ ಗಾತ್ರ ಅಷ್ಟಾಗಿ ಹೆಚ್ಚುವುದಿಲ್ಲ. ಬೆಂಚಿನ ಅನುಕೂಲ ಅಲ್ಲಿದೆ, ಎರಡೂವರೆ ಕಿಲೋ ಸೇರಿಸುತ್ತಾ ಹೋಗಬಹುದು. ಪುಟ್ಟ, ಜಿಮ್‌ಗೆ ಹೋಗಲಾಗದ ದಿನ ಕೋಣೆಯಲ್ಲೇ ಪುಷ್‌ಅಪ್ ಮಾಡು. ಕಾಲನ್ನು ಮಂಚದ ಮೇಲಿಟ್ಟರೆ ಮೇಲ್ಭಾಗಕ್ಕೆ, ಕೈಯನ್ನು ಮಂಚದ ಮೇಲಿಟ್ಟರೆ ಕೆಳಭಾಗಕ್ಕೆ. ಬಹಳ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ.

ನೀನು ಮಾಡಬೇಕಾದದ್ದು ಇಷ್ಟು. ವಾರಕ್ಕೆ ಎರಡು ದಿನ ಎದೆ. ಒಂದು ಸಾಧಾರಣ ಬೆಂಚ್ ಪ್ರೆಸ್, ಒಂದು ಕಡಿಮೆ ಓರೆಯ ಇನ್‌ಕ್ಲೈನ್ ಡಂಬೆಲ್ ಪ್ರೆಸ್, ಮನಸ್ಸಿದ್ದರೆ ಕೇಬಲ್. ವಾರಕ್ಕೆ ಎಲ್ಲ ಸೇರಿ ಹತ್ತು ಸೆಟ್ಟಿನ ಆಸುಪಾಸು; ಸೆಟ್ಟು ಎಂದರೆ ನಡುವೆ ನಿಲ್ಲಿಸದೆ ಸಾಲಾಗಿ ಎತ್ತುವ ಒಂದು ಸುತ್ತು. ಪ್ರತಿ ಸೆಟ್ಟಿನ ಕೊನೆಗೆ ಇನ್ನು ಎರಡೇ ಸಲ ಎತ್ತಬಲ್ಲೆ ಅನ್ನುವಷ್ಟು ಕಷ್ಟವಾಗಬೇಕು. ಅಷ್ಟೇ ಸೆಟ್ಟು ಬೆನ್ನಿಗೂ ಹಾಕು, ಬರೀ ಎದೆ ಬೆಳೆಸಿ ಭುಜ ಮುಂದಕ್ಕೆ ಬಾಗಿಸಿಕೊಂಡ ಹುಡುಗರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ. ಅಕ್ಕ, ಅವನ ಪಿಜಿಯಲ್ಲಿ ಅನ್ನ ಸಾರು ಬಿಟ್ಟರೆ ಬೇರೇನೂ ಕೊಡುವುದಿಲ್ಲವಂತೆ. ಮುಂದಿನ ಡಬ್ಬಿಯಲ್ಲಿ ಚಕ್ಕುಲಿ ಕಡಿಮೆ ಮಾಡಿ ಹುರಿಗಡಲೆ, ಕಡಲೆಬೀಜ ಹೆಚ್ಚು ಹಾಕು.

ಪುಟ್ಟ, ನಿಮ್ಮ ಜಿಮ್‌ನ ಇನ್‌ಕ್ಲೈನ್ ಬೆಂಚಿನ ಫೋಟೋವನ್ನು ಪಕ್ಕದಿಂದ ತೆಗೆದು ಕಳುಹಿಸು, ಓರೆ ಎಷ್ಟಿದೆ ನೋಡಿ ಹೇಳುತ್ತೇನೆ. ಬೆಂಚಿನದು ಮಾತ್ರ ಸಾಕು. ನಿನ್ನ ಎದೆಯ ಫೋಟೋ ಇಲ್ಲಿ ಹಾಕಬೇಡ, ಗುಂಪಿನಲ್ಲಿ ಅಜ್ಜಿಯೂ ಇದ್ದಾರೆ, ಹುಡುಗ ಅಂಗಿಯಿಲ್ಲದೆ ನಿಂತಿದ್ದಾನೆ, ಶೀತವಾಗುತ್ತದೆ ಎಂದು ನನಗೆ ಫೋನ್ ಮಾಡುತ್ತಾರೆ.