ಹಳೇ ಸ್ಕಾಟ್ಸ್ ಭಾಷೆಯ ‘ಟೋಲ್‌ಬೂತ್’: ಸುಂಕದ ಕಟ್ಟೆಯಾ, ಜೈಲಾ?

ಪ್ರಶ್ನೆ
ಎಡಿನ್‌ಬರ್ಗ್‌ನ ಚರಿತ್ರೆ ಓದುತ್ತಿದ್ದೇನೆ. ಎಲ್ಲಿ ನೋಡಿದರೂ ಟೋಲ್‌ಬೂತ್. ಒಂದು ಕಡೆ ಅಲ್ಲಿ ಪಾರ್ಲಿಮೆಂಟ್ ಸೇರಿತು ಅಂತಿದೆ, ಇನ್ನೊಂದು ಕಡೆ ಕೈದಿಗಳನ್ನು ಅಲ್ಲೇ ಕೂಡಿಹಾಕಿದರು ಅಂತಿದೆ. ಈಗಿನ ಇಂಗ್ಲಿಷ್‌ನಲ್ಲಾದರೆ ಅದು ರಸ್ತೆ ಸುಂಕ ವಸೂಲಿ ಮಾಡುವ ಗೂಡು ಅಲ್ವಾ? ತಲೆ ಕೆಟ್ಟುಹೋಗಿದೆ.

ಉತ್ತರ 1
ಶುರುವಾಗಿದ್ದು ಸುಂಕದಿಂದಲೇ, ಆದರೆ ರಸ್ತೆ ಸುಂಕ ಅಲ್ಲ, ಸಂತೆ ಸುಂಕ. ಸ್ಕಾಟ್ಲೆಂಡ್‌ನಲ್ಲಿ ‘ಬರ್ಗ್’ ಅನ್ನಿಸಿಕೊಂಡ ಊರುಗಳಿಗೆ ಸಂತೆ ನಡೆಸುವ, ಬಂದ ಸರಕಿನ ಮೇಲೆ ಸುಂಕ ಎತ್ತುವ ಹಕ್ಕಿತ್ತು. ಸುಂಕ ಎತ್ತುವ ಮಳಿಗೆಯೇ ಟೋಲ್‌ಬೂತ್. ದುಡ್ಡು ಬರುವ ಜಾಗ ಅಂದಮೇಲೆ ಊರಿನ ಹಿರಿಯರು ಅಲ್ಲೇ ಸಭೆ ಸೇರಿದರು, ಅಲ್ಲೇ ನ್ಯಾಯ ತೀರ್ಮಾನ ಆಯಿತು, ತಪ್ಪು ಮಾಡಿದವರನ್ನು ಹಾಕೋಕೆ ಒಂದು ಕೋಣೆಯೂ ಬೇಕಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತೆ ಅಂತ ಗೊತ್ತಲ್ಲ!

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಅರ್ಥ ಹೋಗಿ ಇನ್ನೊಂದು ಬಂತು ಅಂದುಕೊಳ್ಳಬೇಡಿ. ಬಹಳ ಕಾಲ ಎಲ್ಲವೂ ಒಟ್ಟಿಗೇ ಇದ್ದವು. ಎಡಿನ್‌ಬರ್ಗ್‌ನಲ್ಲಿ 1639ರಲ್ಲಿ ಪಾರ್ಲಿಮೆಂಟ್‌ಗೆ ಬೇರೆ ಕಟ್ಟಡ ಆಯಿತು, ಹಳೇ ಟೋಲ್‌ಬೂತ್‌ಗೆ ಉಳಿದಿದ್ದು ಜೈಲಿನ ಕೆಲಸ. ಹಾಗಾಗಿ ವಾಕ್ಯ ಯಾವ ವರ್ಷದ್ದು, ಯಾವ ಊರಿನದ್ದು ಅಂತ ಮೊದಲು ನೋಡಿ. 1700ರವರೆಗಿನ ಸ್ಕಾಟ್ಸ್ ಭಾಷೆಗೆ ಅಂತಲೇ ದೊಡ್ಡ ನಿಘಂಟು ಇದೆ, 2002ರಲ್ಲಿ ಮುಗಿಯಿತು. ಅದರಲ್ಲಿ ಉದಾಹರಣೆಗಳಿಗೆ ಕಾಲವನ್ನೂ ಕೊಟ್ಟಿದ್ದಾರೆ, ಸುಮ್ನೆ ಅರ್ಥ ಮಾತ್ರ ನೋಡಿ ಮುಚ್ಚಿಡಬೇಡಿ. ಕಾಗುಣಿತ ಮಾತ್ರ ಒಂದೊಂದು ಕಡೆ ಒಂದೊಂದು ಥರ, ಹುಡುಕುವಾಗ ತಾಳ್ಮೆ ಇರಲಿ.

ಉತ್ತರ 3
ಜನರ ಬಾಯಲ್ಲಿ ಆ ಹೆಸರಿಗೆ ಭಯ ಅಂಟಿಕೊಂಡಿದ್ದು ಸುಂಕದಿಂದ ಅಲ್ಲ ಬಿಡಿ. 1650ರಲ್ಲಿ ರಾಜನ ಪರ ಕಾದಾಡಿದ ಸೇನಾಪತಿ ಮಾಂಟ್ರೋಸ್‌ನನ್ನು ಗಲ್ಲಿಗೇರಿಸಿ ಅವನ ತಲೆಯನ್ನು ಎಡಿನ್‌ಬರ್ಗ್ ಟೋಲ್‌ಬೂತ್ ಮೇಲೆ ಮೊಳೆಗೆ ಸಿಕ್ಕಿಸಿದರು. 1661ರಲ್ಲಿ ಅದನ್ನು ಇಳಿಸಿದರು, ಅದೇ ವರ್ಷ ಅವನ ವೈರಿ ಆರ್ಗೈಲ್‌ನ ತಲೆ ಅಲ್ಲಿಗೆ ಏರಿತು. 1736ರಲ್ಲಿ ಜನ ಬಾಗಿಲಿಗೆ ಬೆಂಕಿ ಇಟ್ಟು, ಗುಂಪಿನ ಮೇಲೆ ಗುಂಡು ಹಾರಿಸಿದ್ದಕ್ಕೆ ಒಳಗಿದ್ದ ನಗರ ಕಾವಲು ಪಡೆಯ ಕ್ಯಾಪ್ಟನ್ ಪೋರ್ಟಿಯಸ್‌ನನ್ನು ಎಳೆದೊಯ್ದು ನೇಣು ಹಾಕಿದರು. 1817ರಲ್ಲಿ ಕಟ್ಟಡ ಕೆಡವಿದರು. ಆ ಜಾಗದಲ್ಲಿ ಈಗ ಕಲ್ಲಿನಲ್ಲಿ ಹೃದಯದ ಆಕಾರ ಇದೆ, ಜನ ಅದರ ಮೇಲೆ ಉಗುಳಿ ಹೋಗುತ್ತಾರೆ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ಹಾಗಾದರೆ ಕ್ಯಾನನ್‌ಗೇಟ್‌ನ ಟೋಲ್‌ಬೂತ್ ಅಂದರೆ ಇದೇನಾ?

ಉತ್ತರ 2
ಅಲ್ಲ, ಅದು ಬೇರೆ. ಕ್ಯಾನನ್‌ಗೇಟ್ ಆಗ ಎಡಿನ್‌ಬರ್ಗ್ ಪಕ್ಕದ ಪ್ರತ್ಯೇಕ ಬರ್ಗ್, ಅದಕ್ಕೆ ಅದರದ್ದೇ ಟೋಲ್‌ಬೂತ್. 1591ರದ್ದು, ಇನ್ನೂ ನಿಂತಿದೆ. ಆಗ ಅಲ್ಲಿ ಸಭೆ, ಕೋರ್ಟು, ಜೈಲು ಮೂರೂ ಒಂದೇ ಸೂರಿನಡಿ ಇದ್ದವು.