ಮೊದಲ ಕಿರುಚಿತ್ರ: ಮಗ್ಗದ ಸದ್ದಿನಲ್ಲಿ ಮಾತು ಹಿಡಿಯುವುದು ಹೇಗೆ?

ಬನಹಟ್ಟಿ ಪಾತ್ರಧಾರಿ
ನಮಸ್ಕಾರ. ಹನ್ನೆರಡು ವರ್ಷ ಕಂಪನಿ ನಾಟಕದಲ್ಲಿ ಪಾತ್ರ ಮಾಡಿದ್ದೇನೆ. ಬನಶಂಕರಿ ಜಾತ್ರೆಯಲ್ಲಿ ಬೆಳತನಕ ಆಡಿದವನು. ಈಗ ನಾನೇ ಬರೆದು, ನಿರ್ದೇಶಿಸಿ ಕಿರುಚಿತ್ರ ಮಾಡಲು ಹೊರಟಿದ್ದೇನೆ. ಕಥೆ ನಮ್ಮ ಓಣಿಯದ್ದೇ. ಅಪ್ಪನಿಗೆ ಎರಡು ಪವರ್‌ಲೂಮ್. ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಇನ್ನು ನೇಯುವುದಿಲ್ಲ ಅಂತ ಹೇಳಬೇಕು. ಅಷ್ಟೇ ಕಥೆ.

ನಿನ್ನೆ ಮೊಬೈಲ್‌ನಲ್ಲಿ ಒಂದು ಸೀನ್ ತೆಗೆದು ನೋಡಿದೆ. ಖಟಪಟ ಸದ್ದು ಬಿಟ್ಟು ಏನೂ ಕೇಳಲಿಲ್ಲ. ನಮ್ಮ ಮಗ್ಗ ನಿಲ್ಲಿಸಬಹುದು, ಪಕ್ಕದ ಮನೆಯವರದ್ದು? ನೇಯ್ದಷ್ಟೇ ಕೂಲಿ ಅವರಿಗೆ, ಯಾವ ಬಾಯಿಂದ ಕೇಳಲಿ? ಸ್ಕ್ರಿಪ್ಟ್ ಬೇರೆ 22 ಪುಟ ಆಗಿದೆ. ಅಪ್ಪನ ಒಂದು ಮಾತೇ ಒಂದೂವರೆ ಪುಟ. ಆ ಪಾತ್ರ ನನ್ನದು. ಶಂಕರ್ ನಾಗ್ 1980ರಲ್ಲಿ ಮೊದಲ ಸಿನಿಮಾ ನಿರ್ದೇಶಿಸಿದಾಗ ತಾವೇ ನಟಿಸಿರಲಿಲ್ಲವಾ? (ಬೇರೆಯವರಿಗೆ ಕೊಡಲು ಮನಸ್ಸು ಬರುತ್ತಿಲ್ಲ, ಸುಳ್ಳೇಕೆ.)

ವಿಜಯಪುರದ ಎಡಿಟರ್
ಅಣ್ಣಾ, ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಈ ಕಥೆಗೆ 10 ಪುಟ ಸಾಕು. ಅಪ್ಪನ ಆ ಮಾತು ಕಡೇ ಸಾಲಿನಲ್ಲಿ ಕೂತವರಿಗೆ ಬರೆದದ್ದು. ಕ್ಯಾಮೆರಾ ಮೂಗಿನ ಮುಂದೆಯೇ ಇರುತ್ತದೆ. ಹರಿದ ಎಳೆ ಕಟ್ಟುವ ಬೆರಳು ತೋರಿಸಿ, ಅರ್ಧ ಪುಟ ಉಳಿಯುತ್ತದೆ. ಟ್ಯೂಬ್‌ಲೈಟ್ ಇದ್ದರೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟ್ 50 ಹರ್ಟ್ಜ್, ತಾಳ ತಪ್ಪಿದರೆ ಚಿತ್ರ ಮಿಣುಕುತ್ತದೆ.

ಸೌಂಡ್ ಕೆಲಸದವ, ಬೆಳಗಾವಿ
ಕಾಲರ್ ಮೈಕ್ ಹಾಕಿ. ಮಗ್ಗದ ಸದ್ದನ್ನು ಬೇರೆಯಾಗಿ ಎರಡು ನಿಮಿಷ ರೆಕಾರ್ಡ್ ಮಾಡಿ. ಮಾತು ಮಗ್ಗ ನಿಂತಾಗ ತೆಗೆಯಿರಿ, ಸದ್ದನ್ನು ಆಮೇಲೆ ಕೆಳಗೆ ಕೂರಿಸಬಹುದು. ಆದರೆ ಶಾಂತ ಇದೆ ಅಂತ ಮೆಲ್ಲಗೆ ಮಾತಾಡಿದರೆ ಕೆಟ್ಟಿತು. ಮಗ್ಗದ ಮನೆಯಲ್ಲಿ ಯಾರಾದರೂ ಪಿಸುಗುಡುತ್ತಾರಾ? ನಿಮ್ಮ ನಾಟಕದ ಗಂಟಲು ಅಲ್ಲಿ ಬೇಕೇ ಬೇಕು. ಎಡಿಟರ್ ಸಾಹೇಬರು ಸಿಟ್ಟಾಗಬಾರದು.

ರಬಕವಿ ಮಗಳು
ನಾನು ಸಿನಿಮಾದವಳಲ್ಲ, ಮಗ್ಗದ ಮನೆಯಲ್ಲಿ ಬೆಳೆದವಳು. ಕರೆಂಟ್ ಹೋದರೆ ಇಡೀ ಓಣಿ ಒಮ್ಮೆಲೇ ಸುಮ್ಮನಾಗುತ್ತದೆ, ಕಿವಿ ಗುಂಯ್ ಅನ್ನುತ್ತದೆ, ಅಲ್ವಾ? ನಮ್ಮನೆಯಲ್ಲಿ ದೊಡ್ಡ ಮಾತೆಲ್ಲ ಆಗಲೇ ನಡೆಯುತ್ತಿದ್ದವು. ನನ್ನ ಮದುವೆ ಮಾತೂ. ನಿಮ್ಮ ಹುಡುಗ ಕೂಗಿ ಕೂಗಿ ಹೇಳುತ್ತಿರುವಾಗಲೇ ಕರೆಂಟ್ ಹೋಗಲಿ. "ನಾ ನೇಯೂದಿಲ್ಲ" ಅನ್ನುವುದು ಪಕ್ಕದ ಮನೆಗೂ ಕೇಳಿಬಿಡಲಿ.

ಬನಹಟ್ಟಿ ಪಾತ್ರಧಾರಿ
ಅಕ್ಕಾರೆ, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ತಿದ್ದಿದೆ. ಈಗ 9 ಪುಟ. ಅಪ್ಪನ ಒಂದೂವರೆ ಪುಟ ಹೋಯಿತು. ಕರೆಂಟ್ ಹೋದ ಮೇಲೆ ಅವನು ಒಂದೇ ಮಾತು ಕೇಳುತ್ತಾನೆ: "ಪುಣೆ ಬಸ್ ಎಷ್ಟಕ್ಕೈತೋ?"

ಪಾತ್ರ ನಮ್ಮ ಕಾಕಾಗೆ ಕೊಡುತ್ತಿದ್ದೇನೆ. ಎಳೆ ಕಟ್ಟುವುದನ್ನು ನಾನು ಮಾಡಿ ನೋಡಿದೆ, ಬೆರಳು ನಾಟಕ ಆಡುತ್ತವೆ.

ಬೆಳಗಾವಿ ಅಣ್ಣಾ, ಕಾಲರ್ ಮೈಕ್ ಎರಡು ಬಾಡಿಗೆಗೆ ಸಿಗುತ್ತವಾ? ಮಂಗಳವಾರ ಲೈನ್ ಕೆಲಸಕ್ಕೆ ಅಂತ 10ರಿಂದ 4ರ ತನಕ ಕರೆಂಟ್ ತೆಗೆಯುತ್ತಾರಂತೆ.