ಸಹಾಯ ಬೇಕು: ಫಿಟ್ಸ್ ಮಾತ್ರೆಯಿಂದ ಪಕ್ಕದ ನೋಟ ಕಡಿಮೆ, ಫೀಲ್ಡ್ ಟೆಸ್ಟ್ ಎಲ್ಲಿ ಮಾಡ್ತಾರೆ?

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ನನ್ನ ತಮ್ಮ ಎರಡು ವರ್ಷದಿಂದ ವಿಗಾಬಟ್ರಿನ್ ತಗೋತಿದ್ದಾನೆ. ಫಿಟ್ಸ್ ನಿಂತಿದೆ, ಅದೇ ದೊಡ್ಡ ಸಮಾಧಾನ. ಆದ್ರೆ ಈ ಸಲ ಕಾಫಿ ಕೊಯ್ಲಲ್ಲಿ ಎದುರಿನ ಹಣ್ಣು ಕೊಯ್ದು ಪಕ್ಕದ ಕೊಂಬೇದೆಲ್ಲ ಬಿಟ್ಟು ಬರ್ತಿದ್ದ. ಸೋಮಾರಿ ಅಂತ ನಾನೇ ಬೈದೆ, ಪಾಪ. ಮೊನ್ನೆ ಬಾಗಿಲಿಗೆ ಭುಜ ಹೊಡ್ಕೊಂಡಾಗ ಅನುಮಾನ ಬಂತು. ಕನ್ನಡಕದಂಗಡೀಲಿ ಬೋರ್ಡಿನ ಕೊನೆ ಸಾಲಿನವರೆಗೂ ಓದಿದ, ಅವರು ಏನೂ ತೊಂದರೆಯಿಲ್ಲ ಅಂದ್ರು.

ಈ ಮಾತ್ರೆಗೆ ಪಕ್ಕದ ನೋಟ ಕುಗ್ಗಬಹುದು, ಹೋದದ್ದು ವಾಪಸ್ ಬರಲ್ಲ, 3 ತಿಂಗಳಿಗೊಮ್ಮೆ ಕಣ್ಣು ಪರೀಕ್ಷೆ ಬೇಕು ಅಂತ ಈಗ ಗೊತ್ತಾಯ್ತು. ಮಡಿಕೇರಿ, ಕುಶಾಲನಗರದಲ್ಲಿ ಪೆರಿಮೆಟ್ರಿ (ಪಕ್ಕದ ನೋಟ ಎಷ್ಟಿದೆ ಅಂತ ನೋಡೋ ಫೀಲ್ಡ್ ಟೆಸ್ಟ್) ಮಾಡ್ತಾರಾ, ಮೈಸೂರಿಗೇ ಹೋಗ್ಬೇಕಾ? ಮಾತ್ರೆ ನಿಲ್ಸಿಲ್ಲ, ತಟ್ಟನೆ ಬಿಟ್ರೆ ಫಿಟ್ಸ್ ಜಾಸ್ತಿಯಾಗುತ್ತೆ. ಮುಂದಿನ ವಾರ ನ್ಯೂರೋ ಡಾಕ್ಟರ ಹತ್ರ ಹೋಗ್ತಿದ್ದೀವಿ. ಬೇರೆ ಮಾತ್ರೆಗೆ ಬದಲಾಯಿಸ್ಕೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.